ಯಾರ ಕೆಲಸಕ್ಕೆ ಯಾರು ಕಾಯಬೇಕು: ನಮ್ಮ ಶಾಲೆಯ ಶತಮಾನೋತ್ಸವ ಗೋಡೆ ಹತ್ತಿದ ಕಥೆ

ಊರಿನ ಶಾಲೆಗೆ ಶತಮಾನೋತ್ಸವ ಮಾಡುವುದು ಅಂದರೆ ಒಂದು ಕೆಲಸ ಅಲ್ಲ, ಒಂದಕ್ಕೊಂದು ಸಿಕ್ಕಿಕೊಂಡ ಹತ್ತಾರು ಕೆಲಸ. ಮಾಡಿನ (ಹಂಚಿನ ಛಾವಣಿಯ) ರಿಪೇರಿ, ಬಣ್ಣ, ಸ್ಮರಣ ಸಂಚಿಕೆ, ಹಳೆ ವಿದ್ಯಾರ್ಥಿಗಳ ಪಟ್ಟಿ, ದೇಣಿಗೆ, ಆಮಂತ್ರಣ, ಚಪ್ಪರ, ಊಟ, ಮಕ್ಕಳ ಕಾರ್ಯಕ್ರಮ, ರಾತ್ರಿ ಯಕ್ಷಗಾನದ ಆಟ. ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮೂರ ಕನ್ನಡ ಶಾಲೆ ಇದೆ. ಅದಕ್ಕೆ ನೂರು ತುಂಬಿದಾಗ ಇದನ್ನೆಲ್ಲ ಒಂದೇ ಗೋಡೆಯ ಮೇಲೆ ಕಾಗದದ ಪಟ್ಟಿಗಳಾಗಿ ಅಂಟಿಸಿ, ವಾರ ವಾರ ನಿಂತು ನೋಡಿ, ಮುಗಿಸಿದೆವು. ಹೇಗೆ ಮಾಡಿದಿರಿ ಅಂತ ಆಚೀಚೆ ಊರಿನವರು ಕೇಳುತ್ತಲೇ ಇದ್ದಾರೆ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೆ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಯಾವ ಕೆಲಸ ಯಾವಾಗ ಶುರುವಾಗಬೇಕು, ಯಾವಾಗ ಮುಗಿಯಬೇಕು, ಯಾರು ಮಾಡಬೇಕು ಅಂತ ನೋಡಿಕೊಳ್ಳುವುದೇ ಅಲ್ಲಿ ನನ್ನ ಜವಾಬ್ದಾರಿ. ಅದಕ್ಕೆ ನಾವು ದಿನಾ ಬಳಸುವುದು ಗ್ಯಾಂಟ್ ಚಾರ್ಟ್. ಎಡಗಡೆ ಕೆಲಸಗಳ ಹೆಸರು, ಮೇಲ್ಗಡೆ ವಾರ ತಿಂಗಳು, ಪ್ರತಿ ಕೆಲಸದ ಎದುರಿಗೆ ಒಂದು ಅಡ್ಡ ಪಟ್ಟಿ. ಪಟ್ಟಿ ಎಲ್ಲಿ ಶುರುವಾಗುತ್ತದೋ ಅವತ್ತು ಕೆಲಸ ಶುರು, ಎಲ್ಲಿ ನಿಲ್ಲುತ್ತದೋ ಅವತ್ತು ಮುಗಿಯಬೇಕು. ಅಷ್ಟೇ. ಹೆನ್ರಿ ಗ್ಯಾಂಟ್ ಅಂತ ಅಮೆರಿಕದ ಎಂಜಿನಿಯರ್ ಇದ್ದರು, 1861ರಲ್ಲಿ ಹುಟ್ಟಿ 1919ರಲ್ಲಿ ತೀರಿಕೊಂಡವರು. 1910ರ ದಶಕದಲ್ಲಿ ಕಾರ್ಖಾನೆಗಳಲ್ಲಿ ಅವರು ಬಳಕೆಗೆ ತಂದ ಈ ಚಾರ್ಟಿಗೆ ಅವರ ಹೆಸರೇ ನಿಂತಿದೆ. ಅವರಿಗಿಂತ ಮೊದಲೇ, 1896ರಲ್ಲಿ, ಪೋಲೆಂಡಿನ ಕಾರೊಲ್ ಅದಾಮ್ಯೆಟ್ಸ್ಕಿ ಅನ್ನುವವರು ಇಂಥದ್ದೇ ಒಂದನ್ನು ಮಾಡಿದ್ದರು. ಅವರದ್ದು ಕಾಗದದ ಪಟ್ಟಿಗಳನ್ನು ಅತ್ತಿತ್ತ ಸರಿಸಿ ನೋಡುವ ಪದ್ಧತಿ. ನಮ್ಮ ಶಾಲೆಯ ಗೋಡೆಯ ಮೇಲೆ ಆದದ್ದೂ ಹೆಚ್ಚುಕಮ್ಮಿ ಅದೇ.

ಗೋಡೆ ಯಾಕೆ, ಗೂಗಲ್ ಶೀಟ್‌ನಲ್ಲಿ ಮಾಡಬಹುದಿತ್ತಲ್ಲ ಅಂತ ಕೇಳುವವರು ಇದ್ದಾರೆ. ನಮ್ಮ ಸಮಿತಿಯಲ್ಲಿ ಎಂಬತ್ತು ದಾಟಿದವರಿದ್ದರು, ಕಾಲೇಜಿಗೆ ಹೋಗುವ ಹುಡುಗರಿದ್ದರು, ಸ್ತ್ರೀಶಕ್ತಿ ಸಂಘದ ಹೆಂಗಸರಿದ್ದರು. ನಮ್ಮಲ್ಲಿ ಕೆಲವು ಮನೆಗಳಿಗೆ ಫೋನ್ ಮಾಡಬೇಕಾದರೆ ಅವರು ಗುಡ್ಡ ಹತ್ತಿದ ಹೊತ್ತಿಗೇ ಮಾಡಬೇಕು, ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಹೇಳಲಿಕ್ಕಾಗುವುದಿಲ್ಲ. ಆದರೆ ನೆಟ್‌ವರ್ಕ್ ಚೆನ್ನಾಗಿದ್ದರೂ ನಾನು ಗೋಡೆಯನ್ನೇ ಆರಿಸುತ್ತಿದ್ದೆ. ಶೀಟ್ ಅನ್ನು ಒಬ್ಬೊಬ್ಬರೇ ನೋಡುತ್ತಾರೆ, ತಮಗೆ ಬೇಕಾದ ಸಾಲನ್ನು ಮಾತ್ರ ನೋಡಿ ಮುಚ್ಚುತ್ತಾರೆ. ಗೋಡೆಯ ಎದುರು ನಿಂತವರು ಪಕ್ಕದವರ ಕೆಲಸವನ್ನೂ ನೋಡಲೇಬೇಕು. ಕೈ ತೋರಿಸಿ ಮಾತಾಡಬಹುದು. ಜಗಳ ಆದರೂ ಎಲ್ಲರ ಎದುರಿಗೆ, ಒಂದೇ ಪಟ್ಟಿಯ ಮೇಲೆ ಆಗುತ್ತದೆ.

ಸ್ಟೇಷನರಿ ಅಂಗಡಿಯಿಂದ ಪುಸ್ತಕಕ್ಕೆ ಹೊದಿಕೆ ಹಾಕುವ ಖಾಕಿ ಕಾಗದದ ಸುರುಳಿ ತಂದೆವು. ನಲಿಕಲಿ ಕೋಣೆಯ ಪಕ್ಕ ಸಾಮಾನು ಇಡುವ ಕೋಣೆಯೊಂದಿದೆ, ಅದರ ಉದ್ದದ ಗೋಡೆಗೆ ಕಾಗದ ಅಂಟಿಸಿ, ಸ್ಕೇಲ್ ಹಿಡಿದು ವಾರಕ್ಕೊಂದು ಕಂಬ ಬರುವ ಹಾಗೆ ಗೆರೆ ಎಳೆದೆವು. ಕಾಲೇಜು ಹುಡುಗರು ಬಣ್ಣದ ಕಾಗದವನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ ಇಟ್ಟರು. ಗೋಂದು ಹಚ್ಚಬೇಡಿ, ಎರಡು ತುದಿಗೆ ಗುಂಡುಪಿನ್ನು ಸಾಕು ಅಂತ ಮೊದಲೇ ಹೇಳಿದ್ದೆ. ಸರಿಸಲಿಕ್ಕೆ ಬಾರದ ಪಟ್ಟಿ ಉಪಯೋಗಕ್ಕಿಲ್ಲ.

ಮೊದಲು ಅಂಟಿಸಿದ್ದು ಕೆಲಸದ ಪಟ್ಟಿಗಳನ್ನಲ್ಲ. ನಮ್ಮ ಊರಿನ ವರ್ಷವನ್ನು.

ಇದು ಯಾವ ಸಾಫ್ಟ್‌ವೇರೂ ತಾನಾಗಿ ಹೇಳಿಕೊಡುವುದಿಲ್ಲ. ಅದಕ್ಕೆ ಗೊತ್ತಿರುವುದು ಶನಿವಾರ, ಭಾನುವಾರ, ಹೆಚ್ಚೆಂದರೆ ಸರ್ಕಾರಿ ರಜೆ. ನಮ್ಮಲ್ಲಿ ಜೂನ್ ಮೊದಲ ವಾರ ಮಳೆ ಹಿಡಿದರೆ ಸೆಪ್ಟೆಂಬರ್ ಕೊನೆಯವರೆಗೂ ಮಾಡಿಗೆ ಕೈ ಹಾಕುವ ಹಾಗಿಲ್ಲ. ಮಳೆಗಾಲದ ಮುಂಚೆ ಒಂದು ಸಲ, ಮತ್ತೆ ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಅಡಿಕೆಗೆ ಕೊಳೆ ಮದ್ದು ಹೊಡೆಯಬೇಕು. ಮಳೆ ಬಿಟ್ಟು ಹೊಳವಾದ ದಿನ ಊರಿನ ಗಂಡಸರೆಲ್ಲ ತೋಟದಲ್ಲೇ ಇರುತ್ತಾರೆ, ಸಭೆ ಕರೆದರೆ ಯಾರೂ ಬರುವುದಿಲ್ಲ, ಬರಬೇಕು ಅನ್ನುವುದೂ ತಪ್ಪು. ನವೆಂಬರ್ ಹಿಡಿದ ಮೇಲೆ ಅಡಿಕೆ ಗೊನೆಯ ಕೊಯ್ಲು. ರಾತ್ರಿ ಊಟ ಆದ ಮೇಲೂ ಮನೆಮಂದಿಯೆಲ್ಲ ಅಡಿಕೆ ಸುಲಿಯುತ್ತ ಕೂತಿರುತ್ತಾರೆ. ಆ ವರ್ಷ ಶಿರಸಿಯ ಮಾರಿಕಾಂಬಾ ಜಾತ್ರೆಯೂ ಇತ್ತು. ಅದು ಎರಡು ವರ್ಷಕ್ಕೊಮ್ಮೆ ಬರುವುದು, ಬಂದಾಗ ವಾರಕ್ಕೂ ಜಾಸ್ತಿ ನಡೆಯುತ್ತದೆ. ಅದರ ಹಿಂದೆ ಮುಂದೆ ಶಾಮಿಯಾನ, ಮೈಕು, ಅಡಿಗೆಯವರು ಯಾರೂ ಬೇರೆಯವರಿಗೆ ಸಿಗುವುದಿಲ್ಲ.

ಇವನ್ನೆಲ್ಲ ಬೂದು ಬಣ್ಣದ ಉದ್ದ ಪಟ್ಟಿಗಳಾಗಿ ಗೋಡೆಯ ಮೇಲ್ತುದಿಯಲ್ಲಿ ಅಂಟಿಸಿದೆವು. ಹಾಗೆ ಅಂಟಿಸಿ ಹಿಂದೆ ಸರಿದು ನೋಡಿದಾಗ ಕೋಣೆ ಒಮ್ಮೆಲೇ ಸುಮ್ಮನಾಯಿತು. ಇಡೀ ವರ್ಷ ಕೈಯಲ್ಲಿದೆ ಅಂದುಕೊಂಡವರಿಗೆ ನಿಜವಾಗಿ ಎಷ್ಟು ಖಾಲಿ ವಾರ ಇದೆ ಅಂತ ಅವತ್ತು ಕಂಡಿತು. ಮಾಡಿನ ಕೆಲಸಕ್ಕೆ ಸಿಗುವುದು ಮಳೆ ಮುಗಿದು ದಸರಾ ರಜೆ ಮುಗಿಯುವುದರೊಳಗಿನ ಒಂದು ಸಣ್ಣ ಸಂದು ಮಾತ್ರ. ಮಕ್ಕಳು ಕ್ಲಾಸಿನಲ್ಲಿ ಕೂತಿರುವಾಗ ತಲೆಯ ಮೇಲೆ ಹಂಚು ಇಳಿಸಲಿಕ್ಕೆ ಆಗುವುದಿಲ್ಲ, ಅಲ್ವಾ?

ಕಾರ್ಯಕ್ರಮದ ದಿನವನ್ನು ಜನವರಿ ಕೊನೆಯ ವಾರಕ್ಕೆ ಗಟ್ಟಿ ಮಾಡಿದೆವು. ಗಣರಾಜ್ಯೋತ್ಸವದ ರಜೆಗೆ ಶನಿವಾರ ಭಾನುವಾರ ಸೇರಿಸಿಕೊಂಡು ಬೆಂಗಳೂರು, ಮುಂಬೈಯವರು ಬರಬಹುದು, ಜಾತ್ರೆಗೂ ದೂರ ಇರುತ್ತದೆ. ಆ ದಿನದ ಮೇಲೆ ಅಧ್ಯಕ್ಷರ ಕೈಯಿಂದಲೇ ಅರಿಶಿನ ಬಣ್ಣದ ಪಟ್ಟಿ ಹಾಕಿಸಿ, ಅಲ್ಲಿಂದ ಹಿಂದೆ ಹಿಂದೆ ಬರುತ್ತ ಒಂದೊಂದೇ ಕೆಲಸ ಇಟ್ಟೆವು. ಹೀಗೆ ಹಿಂದಿನಿಂದ ಲೆಕ್ಕ ಹಾಕುವುದು ಮುಖ್ಯ. ಇವತ್ತಿನಿಂದ ಮುಂದಕ್ಕೆ ಹೋದರೆ ಎಲ್ಲದಕ್ಕೂ ಬೇಕಾದಷ್ಟು ಸಮಯ ಇದೆ ಅನ್ನಿಸುತ್ತದೆ. ಕಾರ್ಯಕ್ರಮದ ದಿನ ಸಂಚಿಕೆ ಕೈಗೆ ಬರಬೇಕಾದರೆ ಬೈಂಡಿಂಗ್ ಯಾವಾಗ ಆಗಬೇಕು, ಅದಕ್ಕೆ ಪ್ರಿಂಟ್ ಯಾವಾಗ, ಅದಕ್ಕೆ ಕೊನೆ ಪ್ರೂಫ್ ಯಾವಾಗ ಅಂತ ಹಿಂದೆ ಬಂದರೆ ಲೇಖನ ಕೇಳಬೇಕಾದ ದಿನ ಎಲ್ಲಿ ಬಂದು ನಿಲ್ಲುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಅದು ಆಗಸ್ಟಿಗೆ ಬಂದು ನಿಂತಿತು. ಎಲ್ಲರ ಮನಸ್ಸಿನಲ್ಲಿ ಇದ್ದದ್ದು ದೀಪಾವಳಿ ಆದ ಮೇಲೆ ಕೇಳೋಣ ಅಂತ.

ಪಟ್ಟಿ ಎಷ್ಟು ಉದ್ದ ಇರಬೇಕು ಅಂತ ಹೇಳುವವರು ಯಾರು? ಇಲ್ಲಿ ನಾನು ಹಟ ಹಿಡಿದೆ. ಸಮಿತಿಯವರು ಹೇಳುವ ಹಾಗಿಲ್ಲ, ಕೆಲಸ ಮಾಡುವವರೇ ಬಂದು ಹೇಳಬೇಕು. ಹಾಗಾಗಿ ಆಚಾರಿಯವರನ್ನು ಕರೆಸಿದೆವು, ಅಡಿಗೆ ಭಟ್ಟರನ್ನು ಕರೆಸಿದೆವು, ಶಿರಸಿಯಿಂದ ಡಿಟಿಪಿ ಮಾಡುವ ಅಕ್ಕನನ್ನೂ ಕರೆಸಿದೆವು.

ಆಚಾರಿಯವರು ಪಟ್ಟಿ ಕೈಯಲ್ಲಿ ಹಿಡಿದು ಕೇಳಿದ ಮೊದಲ ಪ್ರಶ್ನೆ, "ಪಕಾಸಿಗೆ ಒರಲೆ ಹಿಡಿದಿದ್ದರೆ?" ಹಂಚು ಹೊತ್ತ ಮರದ ಪಕಾಸಿಗೆ ಗೆದ್ದಲು ಹಿಡಿದಿದೆಯೋ ಅಂತ ಹಂಚು ಇಳಿಸದೆ ಪೂರ್ತಿ ಗೊತ್ತಾಗುವುದಿಲ್ಲ. ಹಂಚು ಇಳಿಸಿದ ಮೇಲೆ ಮರ ಹುಡುಕಲಿಕ್ಕೆ ಹೋದರೆ ಅಷ್ಟು ದಿನ ಶಾಲೆ ಬಯಲಿಗೆ ಬಿದ್ದಿರುತ್ತದೆ. ಅವರೇ ದಾರಿಯನ್ನೂ ಹೇಳಿದರು. ಮಳೆಗಾಲದಲ್ಲೇ ಒಳಗಿನಿಂದ ಅಟ್ಟ ಹತ್ತಿ, ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿ, ಯಾವ ಪಕಾಸು ಟೊಳ್ಳಾಗಿದೆ ಅಂತ ಸುಣ್ಣದಲ್ಲಿ ಗುರುತು ಹಾಕಿ ಬಿಡುವುದು. ಅಷ್ಟು ಮರ, ಅಷ್ಟು ರೀಪು ಮುಂಚೆಯೇ ತಂದು ಒಣಗಿಸಿ ಇಡುವುದು. ಹಳೆ ಹಂಚಿನ ಅಳತೆಗೆ ಈಗಿನ ಹೊಸ ಹಂಚು ಕೂರುವುದಿಲ್ಲ, ಒಡೆದ ಹಂಚಿಗೆ ಬದಲಿ ಬೇಕಾದರೆ ಕೆಡವಿದ ಹಳೆ ಮನೆಗಳಿಂದಲೇ ತರಬೇಕು, ಅದನ್ನೂ ಈಗಲೇ ಹುಡುಕಲಿಕ್ಕೆ ಶುರು ಮಾಡಿ ಅಂದರು. ಒಂದೇ ಪಟ್ಟಿಯಾಗಿದ್ದ 'ಮಾಡು ರಿಪೇರಿ' ಅವತ್ತು ನಾಲ್ಕು ಪಟ್ಟಿ ಆಯಿತು. ಅದರಲ್ಲಿ ಮೂರು ಮಳೆಗಾಲದ ಒಳಗೇ ಮುಗಿಯುವಂಥವು. ಮಳೆಯಲ್ಲಿ ಏನೂ ಆಗುವುದಿಲ್ಲ ಅಂತ ಕೈ ಕಟ್ಟಿ ಕೂತಿದ್ದರೆ ಈ ಮೂರೂ ಅಕ್ಟೋಬರಿನ ಆ ಸಣ್ಣ ಸಂದಿಗೇ ಬಂದು ಬೀಳುತ್ತಿದ್ದವು.

ಡಿಟಿಪಿ ಅಕ್ಕನೂ ಹಾಗೇ. ಲೇಖನ ಬಂತು, ಪುಟ ಕಟ್ಟಿದರಾಯಿತು ಅಂತ ನಾವು ಇಟ್ಟ ಎರಡು ಪಟ್ಟಿಗಳ ಮಧ್ಯೆ ಅವರು ಇನ್ನೊಂದು ಪಟ್ಟಿ ತೂರಿಸಿದರು. ಜನ ಲೇಖನ ಕಳಿಸುವುದು ವಾಟ್ಸಾಪಿನಲ್ಲಿ, ಯುನಿಕೋಡಿನಲ್ಲಿ. ಅವರು ಪುಟ ಕಟ್ಟುವುದು ನುಡಿ ಫಾಂಟಿನಲ್ಲಿ. ಬದಲಾಯಿಸುವಾಗ ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಸಾಲು ಸಾಲು ಓದಿ ಸರಿ ಮಾಡಬೇಕು. ಇನ್ನು ಕೈಬರಹದಲ್ಲಿ ಬಂದವನ್ನು ಪೂರ್ತಿ ಟೈಪ್ ಮಾಡಬೇಕು. ನಮ್ಮ ಹಿರಿಯ ವಿದ್ಯಾರ್ಥಿಗಳೆಲ್ಲ ಬರೆದು ಕೊಡುವುದು ಕೈಬರಹದಲ್ಲೇ, ಮತ್ತೆ ಸಂಚಿಕೆಯ ಜೀವ ಇರುವುದೂ ಅವರ ಲೇಖನಗಳಲ್ಲೇ. ಪುಸ್ತಕ ಹದಿನಾರು ಪುಟದ ಫಾರ್ಮಿನ ಲೆಕ್ಕದಲ್ಲಿ ಅಚ್ಚಾಗುತ್ತದೆ, ಜಾಹೀರಾತಿನ ಪುಟ ಎಷ್ಟು ಅಂತ ಗೊತ್ತಾಗದೆ ಒಟ್ಟು ಪುಟ ಹೇಳಲಿಕ್ಕೆ ಬರುವುದಿಲ್ಲ, ಪುಟ ಗೊತ್ತಾಗದೆ ಪ್ರೆಸ್ಸಿನವರು ದರ ಹೇಳುವುದಿಲ್ಲ ಅಂತಲೂ ವಿವರಿಸಿದರು. ಇಷ್ಟು ವಿಷಯ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಪಟ್ಟಿಗಳಾದ ಮೇಲೆ ದಾರ. ನನ್ನ ಕೇಳಿದರೆ ಈ ಇಡೀ ಪದ್ಧತಿಯ ಸತ್ವ ಇರುವುದು ಪಟ್ಟಿಗಳಲ್ಲಿ ಅಲ್ಲ, ಈ ದಾರದಲ್ಲಿ. ಪಟ್ಟಿ ಯಾವಾಗ ಅಂತ ಮಾತ್ರ ಹೇಳುತ್ತದೆ. ಯಾರ ಕೆಲಸ ಮುಗಿಯಲಿ ಅಂತ ಯಾರು ಕಾಯುತ್ತಿದ್ದಾರೆ ಅನ್ನುವುದನ್ನು ಹೇಳುವುದು ದಾರ. ಒಂದು ಕೆಲಸದ ಕೊನೆಯ ಪಿನ್ನಿನಿಂದ, ಅದು ಮುಗಿಯದೆ ಶುರುವಾಗದ ಇನ್ನೊಂದು ಕೆಲಸದ ಮೊದಲ ಪಿನ್ನಿಗೆ ಬಿಳಿ ದಾರ ಕಟ್ಟುವುದು. ಪ್ರತಿ ಪಟ್ಟಿಯ ಎದುರು ನಿಂತು ಎರಡೇ ಪ್ರಶ್ನೆ ಕೇಳಿದೆವು: ಇದು ಶುರುವಾಗಲಿಕ್ಕೆ ಏನು ಮುಗಿದಿರಬೇಕು? ಇದು ಮುಗಿದರೆ ಯಾರಿಗೆ ದಾರಿ ತೆರೆಯುತ್ತದೆ?

ಎಲ್ಲ ದಾರ ಕಟ್ಟಿ ಮುಗಿಸಿ ನೋಡಿದರೆ ಅತಿ ಜಾಸ್ತಿ ದಾರ ಹೊರಟದ್ದು ಮಾಡಿನಿಂದಲೂ ಅಲ್ಲ, ಸಂಚಿಕೆಯಿಂದಲೂ ಅಲ್ಲ. ಕೆಳಗಿನ ಮೂಲೆಯಲ್ಲಿದ್ದ 'ಹಳೆ ವಿದ್ಯಾರ್ಥಿಗಳ ಪಟ್ಟಿ' ಅನ್ನುವುದರಿಂದ. ಅದನ್ನು ಹಗುರ ಕೆಲಸ ಅಂತ ಹುಡುಗರಿಗೆ ಬಿಟ್ಟಿದ್ದರು, ನಿಧಾನ ಆದರೂ ನಡೆಯುತ್ತದೆ ಅಂತ ಎಲ್ಲರ ಲೆಕ್ಕ. ಆದರೆ ಪಟ್ಟಿ ಇಲ್ಲದೆ ಯಾರಿಗೆ ದೇಣಿಗೆ ಕೇಳುವುದು? ದೇಣಿಗೆ ಬರದೆ ಮರ, ಹಂಚಿಗೆ ಮುಂಗಡ ಕೊಡಲಿಕ್ಕಿಲ್ಲ. ಯಾರ ಹತ್ತಿರ ಲೇಖನ ಕೇಳುವುದು ಅನ್ನುವುದಕ್ಕೂ ಪಟ್ಟಿ ಬೇಕು. ಆಮಂತ್ರಣ ಎಷ್ಟು ಅಚ್ಚು ಹಾಕಿಸುವುದು, ಊಟಕ್ಕೆ ಎಷ್ಟು ಎಲೆ, ಚಪ್ಪರ ಎಷ್ಟು ಉದ್ದ ಎಲ್ಲವೂ ಅಲ್ಲಿಗೇ ಬಂದು ಸೇರುತ್ತಿದ್ದವು. ಆ ದಾರಗಳನ್ನು ಬೆರಳಲ್ಲಿ ಹಿಡಿದುಕೊಂಡು ಹೋದ ನಮ್ಮ ಅಧ್ಯಕ್ಷರು (ಊರ ಲೆಕ್ಕದಲ್ಲಿ ನನಗೆ ಮಾವ) ಕವಳ ಉಗುಳಿ ಬಂದು, "ಹಂಗಾರೆ ನಾಳೆಯಿಂದ ಎಲ್ಲರೂ ಪಟ್ಟಿಗೇ ಕೂರಬೇಕಲ್ರೋ" ಅಂದರು. ಅಂದಷ್ಟೇ ಅಲ್ಲ, ಮರುದಿನ ಬೆಳಿಗ್ಗೆ ಕನ್ನಡಕ ಹಿಡಿದು ಶಾಲೆಗೆ ಬಂದು ಕೂತರು.

ಹೀಗೆ ಒಂದರ ಹಿಂದೆ ಒಂದು ಕಾಯುವ ಕೆಲಸಗಳಲ್ಲಿ ಅತಿ ಉದ್ದದ ಸರಪಳಿಗೆ ಕ್ರಿಟಿಕಲ್ ಪಾತ್ ಅಂತ ಹೆಸರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಎಂಬ ರಾಸಾಯನಿಕ ಕಂಪನಿ ಕಾರ್ಖಾನೆ ಕಟ್ಟುವ, ರಿಪೇರಿಗೆ ನಿಲ್ಲಿಸುವ ಕೆಲಸಗಳಿಗೆ ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿಸಿತು. ಆ ಸರಪಳಿಯಲ್ಲಿರುವ ಯಾವ ಕೆಲಸ ಒಂದು ವಾರ ತಡವಾದರೂ ಕೊನೆಯ ದಿನವೇ ಒಂದು ವಾರ ಮುಂದೆ ಹೋಗುತ್ತದೆ. ಅದರ ಹೊರಗಿನ ಕೆಲಸಗಳಿಗೆ ಸ್ವಲ್ಪ ಬಿಡುವು ಇರುತ್ತದೆ. ನಾವು ಸರಪಳಿಯ ಮೇಲಿನ ಬಿಳಿ ದಾರ ತೆಗೆದು ಅಲ್ಲಿ ಮಾತ್ರ ಕೆಂಪು ದಾರ ಕಟ್ಟಿದೆವು. ಹಳೆ ವಿದ್ಯಾರ್ಥಿಗಳ ಪಟ್ಟಿ, ದೇಣಿಗೆ, ಮರ-ಹಂಚು, ಮಾಡು, ಒಳಗಿನ ಬಣ್ಣ, ಆಮೇಲೆ ಹಳೆ ಫೋಟೋ ಪ್ರದರ್ಶನ. ಕೆಂಪು ದಾರದ ಮೇಲೆ ಇರುವವರಿಗೆ ಉಳಿದವರು ಕೈ ಜೋಡಿಸಬೇಕು, ಇದೊಂದೇ ನಿಯಮ.

ಹಳೆ ವಿದ್ಯಾರ್ಥಿಗಳ ಪಟ್ಟಿ ಮಾಡಿದ ಆ ದಿನಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಡೀ ಯೋಜನೆಯಲ್ಲಿ ನನಗೆ ಅತಿ ಇಷ್ಟ ಆದದ್ದು ಅದು. ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ದಾಖಲಾತಿ ರಜಿಸ್ಟರುಗಳಿದ್ದವು. ಮೊದಲನೆಯದು ಉತ್ತರ ಕನ್ನಡ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದ್ದು. ನಮ್ಮ ಜಿಲ್ಲೆ 1862ರಲ್ಲಿ ಮುಂಬೈಗೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದದ್ದು. ಹಾಳೆ ಅಂಚಿನಲ್ಲಿ ಪುಡಿಪುಡಿ, ಆದರೆ ಶಾಯಿ ಮಾಸಿಲ್ಲ. ಮಗುವಿನ ಹೆಸರು, ತಂದೆಯ ಹೆಸರು, ಕಸುಬು, ಊರು, ಶಾಲೆ ಬಿಟ್ಟ ಕಾರಣ. ಆ ಕೊನೆಯ ಕಂಬದಲ್ಲಿ 'ತೋಟದ ಕೆಲಸ', 'ಲಗ್ನ', 'ಊರು ಬಿಟ್ಟಿದ್ದಾರೆ' ಅಂತೆಲ್ಲ ಇರುತ್ತಿತ್ತು. ರಜಿಸ್ಟರ್ ಶಾಲೆಯಿಂದ ಹೊರಗೆ ಒಯ್ಯುವ ಹಾಗಿಲ್ಲ, ಹಾಗಾಗಿ ಕಿಟಕಿಯ ಬೆಳಕಿನಲ್ಲಿ ಒಬ್ಬರು ಹಾಳೆ ಮಗುಚುವುದು, ಒಬ್ಬರು ಫೋಟೋ ತೆಗೆಯುವುದು, ಒಬ್ಬರು ಹೆಸರು ಓದುವುದು. ಹೆಸರು ಓದಿದ ಕೂಡಲೇ ಅಧ್ಯಕ್ಷ ಮಾವ, "ಅವ ಹುಬ್ಬಳ್ಳಿಯಲ್ಲಿದ್ದ, ಮಗ ಕುಮಟೆಯಲ್ಲಿ ಡಾಕ್ಟರು" ಅಂತ ಹೇಳುತ್ತ ಹೋಗುತ್ತಿದ್ದರು. ಹುಡುಗರು ಅದನ್ನು ಬರೆದುಕೊಂಡರು. ಆ ತಲೆಯಲ್ಲಿದ್ದದ್ದು ಯಾವ ರಜಿಸ್ಟರಿನಲ್ಲೂ ಇರಲಿಲ್ಲ. ಸಮಿತಿಯ ಅತಿ ಹಿರಿಯರು ಅತಿ ಮುಖ್ಯ ಕೆಲಸಕ್ಕೆ ಕೂತದ್ದು ಗೋಡೆ ತೋರಿಸಿಕೊಟ್ಟದ್ದರಿಂದ. ಇಲ್ಲದಿದ್ದರೆ ಅವರು ಸಭೆಯ ಕುರ್ಚಿಯಲ್ಲೇ ಇರುತ್ತಿದ್ದರು.

ಯೋಜನೆ ಹಾಕುವುದು ಒಂದು ಭಾಗ, ಅದನ್ನು ಹಿಂಬಾಲಿಸುವುದು ಇನ್ನೊಂದು. ಎಷ್ಟೋ ಕಡೆ ಚಾರ್ಟು ಮೊದಲ ದಿನ ಚೆಂದ ಕಾಣುತ್ತದೆ, ಆಮೇಲೆ ಯಾರೂ ಮುಟ್ಟುವುದಿಲ್ಲ. ಇದು ಕಂಪನಿಗಳಲ್ಲೂ ಹಾಗೇ. ನಾವು ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಗೋಡೆಯ ಎದುರು ಸೇರುವುದು ಅಂತ ಇಟ್ಟುಕೊಂಡೆವು. ನಿಂತುಕೊಂಡೇ ಮಾತು, ಕೂತರೆ ಮಾತು ಬೆಳೆಯುತ್ತದೆ. ಮೇಲಿನಿಂದ ಕೆಳಗೆ ಇಳಿಬಿಟ್ಟ ಒಂದು ಹಸಿರು ದಾರವನ್ನು ಆ ವಾರದ ಕಂಬಕ್ಕೆ ಸರಿಸುವುದು ಮೊದಲ ಕೆಲಸ. ಆದಷ್ಟು ಕೆಲಸಕ್ಕೆ ಪಟ್ಟಿಯ ಮೇಲೆ ಪೆನ್ಸಿಲು ಹಚ್ಚುತ್ತಿದ್ದೆವು. ಹಸಿರು ದಾರದ ಎಡಗಡೆ ಇರುವ ಪಟ್ಟಿಯಲ್ಲಿ ಪೆನ್ಸಿಲಿನಿಂದ ತುಂಬದೆ ಉಳಿದ ಜಾಗ ಎಷ್ಟಿದೆಯೋ ಅದು ಬಾಕಿ. ಯಾರನ್ನೂ ಹೆಸರು ಹಿಡಿದು ಕೇಳುವ ಅಗತ್ಯ ಇರಲಿಲ್ಲ. ಅವರವರೇ ಹೇಳುತ್ತಿದ್ದರು.

'ಆಗ್ತಾ ಇದೆ', 'ಮುಕ್ಕಾಲು ಆಯ್ತು' ಅನ್ನುವ ಉತ್ತರಗಳಿಂದ ಏನೂ ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಪಟ್ಟಿಯ ಬಲತುದಿಯಲ್ಲಿ, ಮುಗಿಯಿತು ಅಂದರೆ ಏನು ಅಂತ ಬರೆದಿದ್ದೆವು. ಲೇಖನ ಮುಗಿಯಿತು ಅಂದರೆ ಬರೆದವರು ಪ್ರೂಫ್ ನೋಡಿ ಸಹಿ ಹಾಕಿರಬೇಕು. ಮಾಡು ಮುಗಿಯಿತು ಅಂದರೆ ಪೈಪಿನಲ್ಲಿ ಮೇಲಿನಿಂದ ನೀರು ಬಿಟ್ಟು, ಒಳಗೆ ಒಂದು ಹನಿ ಬೀಳಬಾರದು. ಆಟ ನಿಗದಿಯಾಯಿತು ಅಂದರೆ ಭಾಗವತರಿಗೂ ಮುಖ್ಯ ವೇಷಧಾರಿಗಳಿಗೂ ವೀಳ್ಯ ಕೊಟ್ಟಾಗಿರಬೇಕು. ಜನವರಿ ಅಂದರೆ ಮೇಳಗಳ ತಿರುಗಾಟದ ನಡುಮಧ್ಯ, ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಕೂರಲಿಕ್ಕಾಗುವುದಿಲ್ಲ. ಪಟ್ಟಿಗೆ ಪೂರ್ತಿ ಪೆನ್ಸಿಲು ಹಚ್ಚುವ ಹಕ್ಕು ಆ ಮಾತು ನಿಜವಾದಾಗ ಮಾತ್ರ.

ತಡ ಆಗಲಿಲ್ಲವಾ? ಆಯಿತು. ಸರ್ಕಾರಿ ಕಟ್ಟಡದ ಮಾಡು ಮುಟ್ಟಲಿಕ್ಕೆ ಅನುಮತಿ ಬೇಕು, ಅರ್ಜಿ ಮಳೆಗಾಲದ ಶುರುವಿನಲ್ಲೇ ಹೋಗಿತ್ತು, ಕಾಗದ ಕೈಗೆ ಬರುವಾಗ ದಸರಾ ರಜೆ ಶುರುವಾಗಿತ್ತು. ಅದು ಸಿಕ್ಕಿತು ಅನ್ನುವಷ್ಟರಲ್ಲಿ ಮಳೆ. ಬಿಟ್ಟೇ ಹೋಯಿತು ಅಂದುಕೊಂಡದ್ದು ಸಂಜೆ ಸಂಜೆ ಗುಡುಗಿನೊಂದಿಗೆ ವಾಪಸು ಬಂತು. ಆ ಭಾನುವಾರ ಗೋಡೆಯ ಎದುರು ಬಿಸಿ ಮಾತು. ಕೆಲವರಿಗೆ ಟಾರ್ಪಲ್ ಹೊದೆಸಿ ಶುರು ಮಾಡೋಣ ಅಂತ. ಆಚಾರಿಯವರು ಒಪ್ಪಲಿಲ್ಲ. "ತಂಗೀ, ಹಂಚು ಇಳಿಸಿದ ಮೇಲೆ ಮಣ್ಣಿನ ಗೋಡೆಗೆ ಒಂದು ಮಳೆ ಹೊಡೆದರೆ ಮಾಡು ಅಲ್ಲ, ಗೋಡೆಯನ್ನೇ ಕಟ್ಟಬೇಕಾಗ್ತದೆ. ನಾನು ಇಳಿಸೂದಿಲ್ಲ" ಅಂದರು. ಅವರ ಮಾತೇ ಕೊನೆ ಅಂತ ನಾನೂ ಹೇಳಿದೆ.

ಆಗ ಅಧ್ಯಕ್ಷ ಮಾವ ಮಾಡಿನ ಪಟ್ಟಿ ಕಿತ್ತು ಸುಮ್ನೆ ಬಲಕ್ಕೆ ಸರಿಸಲಿಕ್ಕೆ ಹೋದರು. ನಾನು ತಡೆದೆ. ಪಟ್ಟಿ ಸರಿಸಿ, ಆದರೆ ಮೊದಲಿದ್ದ ಜಾಗದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಬಿಡಿ ಮಾವ ಅಂದೆ. ಅವರಿಗೆ ಅದು ತಪ್ಪು ಎತ್ತಿ ತೋರಿಸಿದ ಹಾಗೆ ಕಂಡಿತೇನೋ, ಮುಖ ಸ್ವಲ್ಪ ಬಿಗಿಯಾಯಿತು. ಆದರೆ ನಾವು ಎಲ್ಲಿದ್ದೆವು ಅಂತ ಗೊತ್ತಿಲ್ಲದೆ ಎಷ್ಟು ಸರಿದೆವು ಅಂತ ಗೊತ್ತಾಗುವುದಿಲ್ಲ. ಮೊದಲಿನ ಯೋಜನೆ ಕಾಣುತ್ತಿರಬೇಕು, ಈಗಿನದ್ದೂ ಕಾಣುತ್ತಿರಬೇಕು. ಗೆರೆ ಎಳೆದ ಮೇಲೆ ಅವರೇ ಸ್ಕೇಲ್ ಇಟ್ಟು ಅಳೆದು, ಕೆಂಪು ದಾರ ಹಿಡಿದು ಮುಂದೆ ಹೋಗಿ, "ಬಣ್ಣಕ್ಕೆ ಸಮಯವೇ ಉಳಿಯೂದಿಲ್ಲ ಈಗ" ಅಂತ ಹೇಳಿದರು.

ಅಲ್ಲಿಂದ ಮಾತು ತಾನಾಗಿ ಸರಿ ದಾರಿಗೆ ಬಂತು. ರಜೆಯಲ್ಲಿ ಆಗಬೇಕಾದ ಮಾಡಿನ ಕೆಲಸವನ್ನು ಎರಡು ಭಾಗ ಮಾಡಿದೆವು. ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಮೊದಲು ಪೂರ್ವದ ಎರಡು ಕೋಣೆ. ಆ ಕೋಣೆಗಳ ಮಕ್ಕಳು ಅಷ್ಟು ದಿನ ಪಶ್ಚಿಮದ ಹಾಲಿನಲ್ಲಿ ಕೂರುವುದು. ಆಮೇಲೆ ಇವರು ಅಲ್ಲಿಗೆ, ಅವರು ಇಲ್ಲಿಗೆ. ಮೊದಲ ಕೋಣೆಗಳಿಗೆ ಬಣ್ಣ ಹಚ್ಚುವವರು ಎರಡನೇ ಭಾಗದ ಮಾಡು ಮುಗಿಯುವವರೆಗೆ ಕಾಯಬೇಕಾಗಿಲ್ಲ. ದಾರ ಬಿಚ್ಚಿ ಮತ್ತೆ ಕಟ್ಟಿದಾಗ ಹೋದ ವಾರಗಳಲ್ಲಿ ಅರ್ಧಕ್ಕೂ ಹೆಚ್ಚು ವಾಪಸು ಸಿಕ್ಕಿತು. ಉಳಿದದ್ದಕ್ಕೆ ಕಂಪೌಂಡಿನ ಬಣ್ಣವನ್ನೇ ಕೈಬಿಟ್ಟೆವು. ಆ ಪಟ್ಟಿಯಿಂದ ಯಾವ ಕೆಲಸಕ್ಕೂ ದಾರ ಹೋಗಿರಲಿಲ್ಲ, ಹಾಗಾಗಿ ಕೈಬಿಡಲಿಕ್ಕೆ ಯಾರಿಗೂ ಬೇಸರ ಆಗಲಿಲ್ಲ. ಬೇರೆ ಹೊತ್ತಿನಲ್ಲಾಗಿದ್ದರೆ ಕಂಪೌಂಡು ಎದುರಿಗೆ ಕಾಣುತ್ತದೆ ಅಂತ ಅದಕ್ಕೇ ಮೊದಲು ಬಣ್ಣ ಹಚ್ಚುತ್ತಿದ್ದರು.

ಬಣ್ಣದ ಪಟ್ಟಿಗಳದ್ದು ಇನ್ನೊಂದು ಕಥೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟಿದ್ದೆವು. ನಮ್ಮ ಶಾಲೆಯ ಟೀಚರ್ ಅಕ್ಕೋರದ್ದು ನೀಲಿ. ಡಿಸೆಂಬರ್ ಹತ್ತಿರ ಬಂದಾಗ ಒಬ್ಬ ಹುಡುಗ, "ಅಲ್ಲಿ ನೋಡಿ, ಜನವರಿ ಪೂರಾ ನೀಲಿ" ಅಂದ. ನಿಜ. ಮಕ್ಕಳ ನೃತ್ಯ, ನಾಟಕ, ಸನ್ಮಾನದ ಪಟ್ಟಿ, ಪ್ರದರ್ಶನದ ಬರಹ, ಅತಿಥಿಗಳ ಪತ್ರ ಎಲ್ಲ ಅಕ್ಕೋರ ಮೇಲೆ, ಜೊತೆಗೆ ದಿನದ ಪಾಠ, ಬಿಸಿಯೂಟದ ಲೆಕ್ಕ. ಅವರು ಒಂದು ಸಲವೂ ಆಗುವುದಿಲ್ಲ ಅಂದವರಲ್ಲ. ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದರು. ಅವರು ಬಾಯಿ ಬಿಟ್ಟು ಹೇಳದ್ದನ್ನು ಗೋಡೆ ಹೇಳಿತು. ಸ್ತ್ರೀಶಕ್ತಿ ಸಂಘದವರು ಅಲ್ಲೇ ಎರಡು ನೀಲಿ ಪಟ್ಟಿ ಬಿಚ್ಚಿ ತಮ್ಮ ಗುಲಾಬಿ ಪಟ್ಟಿ ಹಾಕಿದರು, ಪ್ರದರ್ಶನದ ಬರಹ ನಾನು ತೆಗೆದುಕೊಂಡೆ. ತಂಡದ ಕೆಲಸದಲ್ಲಿ ಯಾರ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಹೀಗೆ ಎಲ್ಲರ ಕಣ್ಣಿಗೂ ಕಾಣಬೇಕು. ಇಲ್ಲದಿದ್ದರೆ ಸುಮ್ಮನೆ ದುಡಿಯುವವರ ಮೇಲೇ ಇನ್ನಷ್ಟು ಬೀಳುತ್ತದೆ. ಇದನ್ನು ನಾನು ಆಫೀಸಿನಲ್ಲೂ ಎಷ್ಟೋ ಸಲ ನೋಡಿದ್ದೇನೆ, ನನಗೆ ಅದು ತುಂಬಾ ಬೇಜಾರಿನ ವಿಷಯ.

ಕೊಯ್ಲಿನ ದಿನಗಳಲ್ಲಿ ಭಾನುವಾರವೂ ಕೆಲವರಿಗೆ ಬರಲಿಕ್ಕೆ ಆಗಲಿಲ್ಲ. ಅವರಿಗಾಗಿ, ದೂರದಲ್ಲಿರುವವರಿಗಾಗಿ, ವಾರ ವಾರ ಗೋಡೆಯ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಿದ್ದೆವು. ಅಡಿಕೆ ಸುಲಿಯುತ್ತ ಕೂತವರು ಫೋಟೋ ದೊಡ್ಡದು ಮಾಡಿ ನೋಡಿ, ತಮ್ಮ ಪಟ್ಟಿ ಎಲ್ಲಿಗೆ ಬಂತು ಅಂತ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಮುಂಬೈಯವರೊಬ್ಬರು ದೇಣಿಗೆಯ ಪಟ್ಟಿಗೆ ಪೆನ್ಸಿಲು ತುಂಬದ್ದನ್ನು ಫೋಟೋದಲ್ಲಿ ನೋಡಿ ತಾವಾಗಿಯೇ ತಮ್ಮ ಕಡೆಯವರಿಗೆಲ್ಲ ಫೋನ್ ಮಾಡಿದರು. ದಿನಾಂಕ ಲೆಕ್ಕ ಹಾಕಲಿಕ್ಕೆ ನಾನು ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಟ್ಟಿದ್ದೆ. ನಿಮಗೆ ಕಂಪ್ಯೂಟರಿನಲ್ಲೇ ಮಾಡಬೇಕೆಂದರೆ ಗ್ಯಾಂಟ್‌ಪ್ರಾಜೆಕ್ಟ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು, ದಾರ ಕಟ್ಟುವ ಕೆಲಸವನ್ನೂ ಅದು ಮಾಡುತ್ತದೆ. ಒಂದು ಕೆಲಸ ಸರಿದರೆ ಅದಕ್ಕೆ ಕಾಯುವವೆಲ್ಲ ತಾವೇ ಸರಿಯುತ್ತವೆ. ಬರೀ ಶೀಟ್ ಆದರೆ ಶುರುವಿನ ದಿನ, ಮುಗಿಯುವ ದಿನ ಎರಡು ಕಂಬ ಇಟ್ಟು, ಮೇಲೆ ವಾರಗಳನ್ನು ಬರೆದು, ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಆ ಎರಡು ದಿನಗಳ ಮಧ್ಯದ ಚೌಕಗಳಿಗೆ ಬಣ್ಣ ಬರುವ ಹಾಗೆ ಮಾಡಬಹುದು. ಸಾಲು ಮಾತ್ರ ಅತಿ ಮಾಡಬೇಡಿ. ಎರಡು ದಿನದಲ್ಲಿ ಮುಗಿಯುವ ಸಣ್ಣ ಕೆಲಸಗಳಿಗೆಲ್ಲ ಪಟ್ಟಿ ಹಾಕಿದರೆ ದೊಡ್ಡದು ಕಾಣುವುದಿಲ್ಲ. ಅವು ಆಯಾ ಕೆಲಸದವರ ಡೈರಿಯಲ್ಲೇ ಇರಲಿ.

ಕಾರ್ಯಕ್ರಮ ಚೆನ್ನಾಗಿ ಆಯಿತು. ಹಳೆ ಫೋಟೋಗಳ ಕೋಣೆ ಹಿಂದಿನ ದಿನ ಮಧ್ಯಾಹ್ನವೇ ತಯಾರಿತ್ತು, ಸಂಚಿಕೆ ಒಣಗಿದ ಶಾಯಿಯ ವಾಸನೆಯೊಂದಿಗೆ ಸಮಯಕ್ಕೆ ಬಂತು, ಆಟ ಬೆಳಗಿನವರೆಗೆ ನಡೆಯಿತು. ಗೋಡೆಯ ಪಟ್ಟಿ ಮಾತ್ರ ಅವತ್ತಿಗೆ ಮುಗಿಯಲಿಲ್ಲ. ಅರಿಶಿನ ಪಟ್ಟಿಯ ಬಲಗಡೆ ಇನ್ನೂ ಕೆಲವು ಇದ್ದವು: ಚಪ್ಪರ ಬಿಚ್ಚಿ ಕಂಬ, ದಬ್ಬೆ ಯಾರ್ಯಾರದ್ದೋ ಅವರಿಗೆ ಮುಟ್ಟಿಸುವುದು, ಪಾತ್ರೆ ವಾಪಸು, ಬರಲಿಕ್ಕಾಗದ ಲೇಖಕರಿಗೆ ಅಂಚೆಯಲ್ಲಿ ಸಂಚಿಕೆ, ಜಾಹೀರಾತು ಕೊಟ್ಟವರಿಗೆ ರಸೀದಿ, ಲೆಕ್ಕಪತ್ರ ಮಂಡನೆ. ಇವನ್ನು ಮೊದಲ ದಿನವೇ ಹಾಕಿಸಿದ್ದೆ, ಯಾಕೆಂದರೆ ಕಾರ್ಯಕ್ರಮ ಮುಗಿದ ಮೇಲೆ ಜನ ಸಿಗುವುದಿಲ್ಲ, ಕೊನೆಗೆ ಖಜಾಂಚಿಯೊಬ್ಬರೇ ಒದ್ದಾಡುತ್ತಾರೆ. ಹೆಸರು, ಬಣ್ಣ ಮೊದಲೇ ಇದ್ದದ್ದರಿಂದ ಅವರವರು ಬಂದು ಮಾಡಿದರು. ಜಾತ್ರೆ ಶುರುವಾಗುವ ಮೊದಲೇ ಲೆಕ್ಕ ಓದಿ, ಉಳಿದ ಹಣವನ್ನು ಶಾಲೆಯ ಗ್ರಂ‌ಥಾಲಯಕ್ಕೆ ಬರೆದೆವು.

ಈಗ ಪಕ್ಕದ ಊರಿನ ಶಾಲೆಯವರ ಸರದಿ. ನಿಮ್ಮ ಪಟ್ಟಿಗಳನ್ನೇ ಕೊಡಿ, ಹೆಸರು ಬದಲಿಸಿ ಹಾಕಿಕೊಳ್ಳುತ್ತೇವೆ ಅಂತ ಬಂದಿದ್ದರು. ಪಟ್ಟಿ ಕೊಡಲಿಲ್ಲ. ಅವರ ಶಾಲೆಗೆ ಆರ್‌ಸಿಸಿ ಮಾಳಿಗೆ, ಹಂಚಿನ ಕೆಲಸವೇ ಇಲ್ಲ. ಜಾತ್ರೆಯ ವರ್ಷವೂ ಅಲ್ಲ. ಖಾಕಿ ಕಾಗದದ ಉಳಿದ ಸುರುಳಿ, ಪಿನ್ನಿನ ಡಬ್ಬಿ ಕೊಟ್ಟು, ಡಿಟಿಪಿ ಅಕ್ಕನ ನಂಬರ್ ಕೊಟ್ಟೆ. ಬರುವ ಭಾನುವಾರ ಅಧ್ಯಕ್ಷ ಮಾವನೂ ನಾನೂ ಅಲ್ಲಿಗೆ ಹೋಗುತ್ತಿದ್ದೇವೆ, ಅವರ ಊರಿನ ಅಡಿಗೆಯವರು, ಬಣ್ಣದವರು ಎಲ್ಲರೂ ಬರುವ ಹಾಗೆ ಹೇಳಿದ್ದೇವೆ.